ಎಲ್ವಿನ್ ಡಿಗ್ರಾಫ್ ಟ್ರ್ಯಾಕ್ಟರ್ ಮಾರಿದ್ದು

ಮೊಹಾಕ್ ಕಣಿವೆಯಲ್ಲಿ ಗಂಡಸರು ಯಂತ್ರಗಳನ್ನು ಮಾರುವುದಿಲ್ಲ. ಜಾಗ ಸಾಲದಿದ್ದರೆ ಇನ್ನೊಂದು ಶೆಡ್ಡು ಕಟ್ಟುತ್ತಾರೆ. ಕೆಟ್ಟದ್ದನ್ನು ರಿಪೇರಿಗೆಂದು ಇಟ್ಟುಕೊಳ್ಳುತ್ತಾರೆ, ರಿಪೇರಿಯಾಗದ್ದನ್ನು ಬಿಡಿಭಾಗಕ್ಕೆಂದು ಇಟ್ಟುಕೊಳ್ಳುತ್ತಾರೆ, ಬಿಡಿಭಾಗಕ್ಕೂ ಬಾರದ್ದನ್ನು ಅದರ ಮೇಲೆ ಕೂತು ಕಾಫಿ ಕುಡಿಯಲಿಕ್ಕೆಂದು ಇಟ್ಟುಕೊಳ್ಳುತ್ತಾರೆ. ಒಬ್ಬ ಗಂಡಸು ತನ್ನ ಯಂತ್ರಗಳನ್ನೆಲ್ಲ ಒಟ್ಟಿಗೆ ಮಾರಲು ಹೊರಟನೆಂದರೆ ಅದಕ್ಕೆ ಎರಡೇ ಕಾರಣ. ಒಂದು, ವಿಚ್ಛೇದನ. ಎಲ್ವಿನ್ ಡಿಗ್ರಾಫ್‌ನ ಹೆಂಡತಿ ತೀರಿಕೊಂಡು ಹನ್ನೆರಡು ವರ್ಷವಾಗಿದ್ದುದರಿಂದ ಆ ಕಾರಣವನ್ನು ನಮ್ಮ ಕಿಲ್ಬರ್ನ್ ಊರು ಮೊದಲ ದಿನವೇ ಕೈಬಿಟ್ಟಿತು.

ಅವನ ಹತ್ತಿರ ಹನ್ನೊಂದು ಇದ್ದವು. ತೋಟದ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರುಗಳು, ಎಲ್ಲವೂ ಬ್ಯಾಟರಿಯಿಂದ ಓಡುವಂಥವು. ಅವನಿಗೆ ಇಪ್ಪತ್ತು ತುಂಬುವ ಮೊದಲು ನದಿಯ ಪಕ್ಕದ ಕಾರ್ಖಾನೆಯೊಂದು ಅವನ್ನು ತಯಾರಿಸುತ್ತಿತ್ತು; ಅವನು ಅಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಕೆಲವೇ ವರ್ಷ ಮಾಡಿ ನಿಲ್ಲಿಸಿದರು. ಜಗತ್ತು ಮರೆಯಿತು, ಎಲ್ವಿನ್ ಮರೆಯಲಿಲ್ಲ. ಒಂದೊಂದರ ಹೊಟ್ಟೆಯಲ್ಲೂ ಆರು ದಪ್ಪ ಬ್ಯಾಟರಿ. ಹೊಗೆಯಿಲ್ಲ, ಗುಡುಗಿಲ್ಲ. ಚರ್ಚಿನ ಸ್ಮಶಾನದ ಹುಲ್ಲು ಕತ್ತರಿಸುವ ಕೆಲಸವನ್ನು ಊರು ಅವನಿಗೇ ಕೊಟ್ಟಿದ್ದು ಈ ಕಾರಣಕ್ಕೆ. ಅಲ್ಲಿ ಕೂತಿರುವವರಿಗೆ ತೊಂದರೆಯಾಗುವುದಿಲ್ಲ. ಸೆಪ್ಟೆಂಬರಿನ ಬೆಳಗ್ಗೆ ನದಿಯ ಮಂಜು ಸಮಾಧಿಕಲ್ಲುಗಳ ಎತ್ತರಕ್ಕೆ ಬಂದು ನಿಂತಿರುತ್ತದೆ. ಅದರ ಮೇಲೆ ಟೋಪಿ ಹಾಕಿದ ಒಬ್ಬ ಮನುಷ್ಯ, ಸೊಂಟದಿಂದ ಮೇಲಷ್ಟೇ ಕಾಣುತ್ತ, ಎಡದಿಂದ ಬಲಕ್ಕೆ ತೇಲಿಹೋಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಲದಿಂದ ಎಡಕ್ಕೆ.

ಹನ್ನೊಂದು ಟ್ರ್ಯಾಕ್ಟರು ಕೊಟ್ಟಿಗೆಯಲ್ಲಿ, ಬಿಡಿಭಾಗಗಳು ಮನೆಯಲ್ಲಿ. ಊಟದ ಮೇಜಿನ ಕೆಳಗೆ ಮೋಟಾರುಗಳು. ಕೇಕಿನ ಅಚ್ಚುಗಳ ಗುಳಿಗಳಲ್ಲಿ ಅಳತೆಗೆ ತಕ್ಕಂತೆ ಮೋಟಾರಿನ ಕಾರ್ಬನ್ ಬ್ರಶ್ಶುಗಳು. ಸೋಫಾದ ಮೇಲೆ ಹಿಮ ಎಸೆಯುವ ಯಂತ್ರದ ಬಾಯಿ, ಅತಿಥಿಯಂತೆ.

ಈ ಮನೆಗೆ ಬರಲು ಲೆನೋರಾ ಸಿಕೋರಾ ಒಪ್ಪಿದ್ದಳು.

ಲೆನೋರಾ ಮುಖ್ಯರಸ್ತೆಯ ಹೂವಿನಂಗಡಿಯ ಮಹಡಿಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದಳು. ಅವಳೂ ಗಂಡನನ್ನು ಕಳೆದುಕೊಂಡವಳು. ಆಗಸ್ಟಿನಲ್ಲಿ ಎಲ್ವಿನ್ ಮದುವೆಯ ಮಾತು ಕೇಳಿದ, ಅವಳು ಹೂಂ ಎಂದಳು, ಎರಡು ಷರತ್ತು ಹಾಕಿದಳು. ಪಿಯಾನೋಗೆ ಜಾಗ ಬೇಕು. ಮತ್ತೆ, ಬಫೆಲೋದಲ್ಲಿರುವ ತೊಂಬತ್ತೊಂದು ವರ್ಷದ ಅತ್ತೆಗೆ, ಅಂದರೆ ತೀರಿಹೋದ ಗಂಡನ ತಾಯಿಗೆ, ಸೆಪ್ಟೆಂಬರ್ ಕೊನೆಯಲ್ಲಿ ಅವಳೇ ಹೋಗಿ ಹೇಳುವ ತನಕ ಊರಲ್ಲಿ ಯಾರಿಗೂ ಗೊತ್ತಾಗಬಾರದು.

“ಆ ಹಳೇ ಕಬ್ಬಿಣವಾ?” ಎಂದ ಎಲ್ವಿನ್, ಕೈ ಬೀಸಿ. “ಒಂದು ವಾರದಲ್ಲಿ ಮಾರ್ಬಿಡ್ತೀನಿ. ನನಗೇನು ಅಂಟಿಕೊಂಡಿದೆಯಾ ಅದು?”

ಹನ್ನೊಂದಕ್ಕೂ ಹೆಸರಿಟ್ಟಿದ್ದವನ ಮಾತು ಇದು. ಆದರೆ ಪ್ರೀತಿಸುವವರ ಮುಂದೆ ಆಡಿದ ದೊಡ್ಡ ಮಾತನ್ನು ನಡೆಸಿ ತೋರಿಸದೆ ಬೇರೆ ದಾರಿಯಿಲ್ಲ. ಮಾರನೆಯ ಬೆಳಗ್ಗೆ ಅಂಚೆಕಚೇರಿಯ ಹಲಗೆಯ ಮೇಲೆ ಅವನ ದುಂಡಗಿನ ಅಕ್ಷರದ ಚೀಟಿ ಬಿತ್ತು: *ಹನ್ನೊಂದು ಬ್ಯಾಟರಿ ಟ್ರ್ಯಾಕ್ಟರ್, ಬಿಡಿಭಾಗಗಳ ಸಮೇತ. ಒಟ್ಟಿಗೇ ಕೊಡುವುದು, ಬಿಡಿಯಾಗಿ ಇಲ್ಲ. ಅಕ್ಟೋಬರ್ ಒಳಗೆ ಎಲ್ಲವೂ ಹೋಗಬೇಕು.*

ನಾನು ಸ್ಟ್ಯಾಂಪು ಕೊಳ್ಳಲು ಹೋದಾಗ ಬರ್ನೀಸ್ ಆ ಚೀಟಿಯ ಮುಂದೆ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಬರ್ನೀಸ್ ನಮ್ಮ ಚರ್ಚಿನ ಊಟದ ಸಮಿತಿಯ ಮುಖ್ಯಸ್ಥೆ. ಊರಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಗೊತ್ತಾಗುವುದು ಅವಳಿಗೆ, ಕೆಲವು ಸಲ ಕಷ್ಟಕ್ಕೂ ಮೊದಲೇ.

“ಓದಿದೆಯಾ?” ಎಂದಳು ಪಿಸುಮಾತಿನಲ್ಲಿ. “ಅಕ್ಟೋಬರ್ ಒಳಗಂತೆ.”

“ಜಾಗ ಬೇಕಾಗಿರಬೇಕು,” ಎಂದೆ.

“ಜಾಗ!” ಬರ್ನೀಸ್ ನನ್ನ ಕೈ ಹಿಡಿದುಕೊಂಡಳು. “ಮಗು, ಈ ಊರಿನ ಗಂಡಸಿಗೆ ಕೊನೆಗೆ ಬೇಕಾಗೋ ಜಾಗ ಆರಡಿ ಮೂರಡಿ. ನಮ್ಮಪ್ಪ ಹೀಗೇ. ಹಾಲು ಕರೆಯೋ ಮೆಷಿನ್ ಮಾರಿದ ತಿಂಗಳಿಗೆ ಹೋದ. ಯಾರಿಗೂ ಒಂದು ಮಾತು ಹೇಳಲಿಲ್ಲ.”

“ಎಲ್ವಿನ್‌ನ ಕೇಳಬಹುದಲ್ಲ.”

“ಕೇಳೋದಾ?” ಎಂದಳು. ನಾನು ಅವನ ಬಟ್ಟೆ ಬಿಚ್ಚಿ ನೋಡು ಎಂದೆನೇನೋ ಎಂಬ ಹಾಗೆ.

ಇಲ್ಲಿ ಕೇಳುವುದಿಲ್ಲ. ಕೇಳುವ ಬದಲು ಅಡುಗೆ ಮಾಡುತ್ತಾರೆ. ಗಾಜಿನ ಪಾತ್ರೆಯಲ್ಲಿ ನೂಡಲ್ಸು, ಮೀನು, ಮೇಲೆ ಚೀಸು ಹಾಕಿ ಒಲೆಯಲ್ಲಿ ಬೇಯಿಸಿ, ಬಿಸಿಯಾರುವ ಮೊದಲು ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ. ಪಾತ್ರೆಯ ಅಡಿಯಲ್ಲಿ ಅಂಟುಪಟ್ಟಿ, ಅದರ ಮೇಲೆ ಮನೆಯಾಕೆಯ ಹೆಸರು. ಖಾಲಿಯಾದ ಮೇಲೆ ತೊಳೆದು ವಾಪಸು ಕೊಡಬೇಕು. ಮೂರು ವರ್ಷದ ಹಿಂದೆ ನನ್ನ ಗಂಡ ಹೋದಾಗ ನನ್ನ ಮೆಟ್ಟಿಲ ಮೇಲೂ ಹತ್ತೊಂಬತ್ತು ಬಂದಿದ್ದವು. ಕ್ರಮ ನನಗೆ ಗೊತ್ತು.

ಎಲ್ವಿನ್‌ಗೆ ಗೊತ್ತಿರಲಿಲ್ಲ. ಅವನ ಹೆಂಡತಿ ಹೋದಾಗ ಅವೆಲ್ಲವನ್ನೂ ಅವನ ಅಕ್ಕ ಈಡಿತ್ ನೋಡಿಕೊಂಡಿದ್ದಳು. ಮೊದಲ ದಿನ ಎರಡು ಪಾತ್ರೆ ಬಂದಾಗ ಅವನು ಸಂತೋಷಪಟ್ಟ. ಮೂರನೆಯ ದಿನಕ್ಕೆ ಏಳಾದಾಗ ಯೋಚಿಸಿದ. ಯೋಚಿಸಿ ಒಂದು ತೀರ್ಮಾನಕ್ಕೆ ಬಂದ: ಇವರಿಗೆಲ್ಲ ಟ್ರ್ಯಾಕ್ಟರ್ ಬೇಕು. ಒಟ್ಟಿಗೇ ಕೊಡುವುದೆಂದು ಬರೆದಿದ್ದರಿಂದ ನೇರವಾಗಿ ಕೇಳಲು ಸಂಕೋಚ. ಅದಕ್ಕೇ ಹೊಟ್ಟೆಯ ದಾರಿ ಹಿಡಿದಿದ್ದಾರೆ.

ಹೃದಯವಂತನಾದ ಅವನು ಬರ್ನೀಸಳ ಪಾತ್ರೆಯನ್ನು ತೊಳೆದು ವಾಪಸು ಕೊಡಲು ಹೋದಾಗ ಬಾಗಿಲಲ್ಲೇ ಕೇಳಿದ. “ನಾಚ್ಕೋಬೇಡ ಬರ್ನೀಸ್. ನಿನಗೆ ಯಾವುದು ಬೇಕು ಹೇಳು. ದೊಡ್ಡದಾ, ಚಿಕ್ಕದಾ?”

ಬರ್ನೀಸ್ ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. “ಈ ಹೊತ್ತಿನಲ್ಲೂ ನನ್ನ ಯೋಚನೆ ಮಾಡ್ತೀಯಲ್ಲೋ!”

“ಅಯ್ಯೋ, ದೊಡ್ಡದನ್ನೇ ತಗೋ,” ಎಂದ ಎಲ್ವಿನ್ ಗಾಬರಿಯಿಂದ. ಟ್ರ್ಯಾಕ್ಟರಿಗಾಗಿ ಒಬ್ಬ ಹೆಂಗಸು ಅಷ್ಟು ಅಳುವುದನ್ನು ಅವನು ಹಿಂದೆ ಕಂಡಿರಲಿಲ್ಲ. ಮನೆಗೆ ಬರುವಾಗ ಅವನ ಎದೆ ಸ್ವಲ್ಪ ಉಬ್ಬಿತ್ತು.

ಅದರ ಮಾರನೆಯ ದಿನ ವಾಂಡಾ ಬಂದಳು. ನಮ್ಮ ಊರಲ್ಲಿ ವಾಂಡಾ ಬೆಳಗ್ಗೆ ಗುಮಾಸ್ತೆ, ಮಧ್ಯಾಹ್ನ ಇತಿಹಾಸಕಾರ್ತಿ. ಎರಡೂ ಸರ್ಕಾರಿ ಹುದ್ದೆಗಳೇ; ಜನ ಕಡಿಮೆ ಇರುವುದರಿಂದ ಕುರ್ಚಿ ಒಂದೇ. ಧ್ವನಿ ಮುದ್ರಿಸುವ ಯಂತ್ರವನ್ನು ಊಟದ ಮೇಜಿನ ಮೇಲೆ, ಒಂದು ಚಾರ್ಜರಿನ ಪಕ್ಕದಲ್ಲಿಟ್ಟು ಅವಳು ಮೆಲ್ಲಗೆ ಕೇಳಿದಳು, “ಎಲ್ವಿನ್ ಅವರೇ, ನಿಮ್ಮ ಬದುಕಿನ ಬಗ್ಗೆ ಹೇಳಿ. ಅವಸರ ಇಲ್ಲ. ಅಂದ್ರೆ... ಅವಸರ ಮಾಡ್ಕೋಬೇಡಿ.”

ಎಲ್ವಿನ್ ಮೂರು ಗಂಟೆ ಹೇಳಿದ. ಸ್ವಿಚ್ಚುಗಳ ಬಗ್ಗೆ ಒಂದೂವರೆ, ಮೋಟಾರಿನ ತಂತಿಯ ಬಗ್ಗೆ ಒಂದು, ಉಳಿದದ್ದು ಹುಟ್ಟು, ಶಾಲೆ, ಮದುವೆ ಮತ್ತು ಸೈನ್ಯ.

“ಏನಾದರೂ ವಿಷಾದ ಇದೆಯಾ?” ಎಂದು ಕೇಳಿದಳು ವಾಂಡಾ ಕೊನೆಯಲ್ಲಿ.

ಎಲ್ವಿನ್ ಬಹಳ ಹೊತ್ತು ಕಿಟಕಿಯಾಚೆ ನೋಡಿದ. “ಇದೆ. ಎಪ್ಪತ್ತೆರಡನೇ ಇಸವಿಯ ಚಾರ್ಜರ್ ಒಂದಿತ್ತು. ಅದನ್ನ ಕೊಡಬಾರದಾಗಿತ್ತು.”

ವಾಂಡಾ ತಲೆ ತಗ್ಗಿಸಿ ಬರೆದುಕೊಂಡಳು. ನೋವನ್ನು ಮುಚ್ಚಿಡಲು ಗಂಡಸರು ಏನೆಲ್ಲ ಹೇಳುತ್ತಾರೆಂದು ಅವಳು ಆಮೇಲೆ ನನ್ನ ಹತ್ತಿರ ಹೇಳಿದಳು.

ಶುಕ್ರವಾರ ಯುಟಿಕಾದಿಂದ ಅಕ್ಕ ಈಡಿತ್ ಬಂದಳು, ಬಣ್ಣದ ಚುಕ್ಕೆಚೀಟಿಗಳ ಒಂದು ಸುರುಳಿಯ ಜೊತೆ. ಈ ಕಡೆ ಅದೂ ಒಂದು ಕ್ರಮ. ಹೋಗುವವರು ಹೋಗುವ ಮೊದಲೇ ಯಾವ ಸಾಮಾನು ಯಾರಿಗೆಂದು ಚುಕ್ಕೆ ಅಂಟಿಸಿಟ್ಟರೆ ಆಮೇಲೆ ಜಗಳವಿಲ್ಲ. ನೀಲಿ ಅವಳದು, ಹಸಿರು ಅವಳ ಮಗಳದು. ಗೋಡೆಗಡಿಯಾರಕ್ಕೆ ನೀಲಿ ಅಂಟಿಸಿದಳು, ಅಮ್ಮನ ಬೀರುವಿಗೆ ನೀಲಿ, ತೂಗುಕುರ್ಚಿಗೆ ಯೋಚಿಸಿ ಹಸಿರು.

“ಮಾರೋಕೆ ಸಹಾಯ ಮಾಡೋಣ ಅಂತ ಅಷ್ಟು ದೂರದಿಂದ ಬಂದೆಯಾ ಅಕ್ಕ?” ಎಂದ ಎಲ್ವಿನ್. ಅವನ ಕಣ್ಣು ತುಂಬಿಬಂತು.

“ಬರದೇ ಇರ್ತೀನೇನೋ,” ಎಂದಳು ಈಡಿತ್. ಅವಳ ಕಣ್ಣೂ ತುಂಬಿತು. ಇಬ್ಬರೂ ಅಪ್ಪಿಕೊಂಡರು. ಅಪ್ಪಿಕೊಂಡೇ ಅವಳು ಅವನ ಭುಜದ ಹಿಂದಿದ್ದ ದೀಪಕ್ಕೆ ಒಂದು ನೀಲಿ ಅಂಟಿಸಿದಳು.

ಇಷ್ಟೆಲ್ಲ ಆದರೂ ಎಲ್ವಿನ್‌ಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಸಂಶಯ ತಂದವನು ನಾರ್ಬರ್ಟ್ ಲುಟ್ಸ್.

ನಾರ್ಬರ್ಟ್ ಪೆನ್ಸಿಲ್ವೇನಿಯಾದವನು. ಇಂಥ ಟ್ರ್ಯಾಕ್ಟರುಗಳ ಹುಚ್ಚಿರುವವರು ಪೂರ್ವ ಕರಾವಳಿಯಲ್ಲಿ ಎಷ್ಟಿದ್ದಾರೋ ಅಷ್ಟೂ ಜನರಲ್ಲಿ ಅತಿ ಜಿಪುಣ. ಈ ವ್ಯಾಪಾರಕ್ಕೆ ಒಂದು ಶಾಸ್ತ್ರವಿದೆ. ಕೊಳ್ಳುವವನು ಟೈರಿಗೆ ಒದೆಯಬೇಕು. ತುಕ್ಕು ತೋರಿಸಿ ಹಲ್ಲು ಕಚ್ಚಿ ಉಸಿರೆಳೆಯಬೇಕು. ಬೆಲೆ ಕೇಳಿ ನಕ್ಕು ತನ್ನ ಟ್ರಕ್ಕಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಇಳಿದು ಬರಬೇಕು. ಮತ್ತೆ ಹೋಗಿ ಹಾಕಿಕೊಳ್ಳಬೇಕು. ಎರಡನೆಯ ಸಲ ಇಳಿದು ಬಂದಾಗ ಹೇಳುವುದೇ ನಿಜವಾದ ಬೆಲೆ. ಹಿಂದೊಮ್ಮೆ ನಾಲ್ಕು ಡಾಲರಿನ ಬೆಲ್ಟಿಗಾಗಿ ನಾರ್ಬರ್ಟ್ ಏಳು ಸಲ ಹೋಗಿಬಂದದ್ದುಂಟು. ಹೀಗಾಗಿ ಆರು ಸಾವಿರ ಬಂದರೆ ಸಾಕೆಂದುಕೊಂಡಿದ್ದ ಎಲ್ವಿನ್ ಒಂಬತ್ತು ಸಾವಿರ ಎಂದ. ಒದೆಯಲು ಅನುಕೂಲವಾಗಲೆಂದು ಟೈರುಗಳಿಗೆ ಗಾಳಿಯನ್ನೂ ಹಾಕಿಸಿದ್ದ.

ಶನಿವಾರ ಬೆಳಗ್ಗೆ ಬಂದ ನಾರ್ಬರ್ಟ್ ದಾರಿಯಲ್ಲಿ ಅಂಚೆಕಚೇರಿಯಲ್ಲಿ ವಿಳಾಸ ಕೇಳಿದ್ದ. ಅಲ್ಲಿ ಅವನಿಗೆ ವಿಳಾಸದ ಜೊತೆ ಇನ್ನೇನೋ ಸಿಕ್ಕಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಅವನು ಟೋಪಿ ತೆಗೆದ. ಮೂವತ್ತು ವರ್ಷದ ಪರಿಚಯದಲ್ಲಿ ಎಲ್ವಿನ್ ಅವನ ತಲೆಯನ್ನು ನೋಡಿದ್ದು ಅದೇ ಮೊದಲು.

“ಒಂಬತ್ತು ಸಾವಿರ,” ಎಂದ ಎಲ್ವಿನ್.

“ಸರಿ,” ಎಂದ ನಾರ್ಬರ್ಟ್.

ಕೊಟ್ಟಿಗೆಯೊಳಗೆ ಬಿಸಿಲಿನ ಕೋಲುಗಳು ನಿಂತಿದ್ದವು. ಅವುಗಳಲ್ಲಿ ಧೂಳು ಮೆಲ್ಲಗೆ ಏಳುತ್ತಿತ್ತು. ಎಲ್ವಿನ್ ಕಾದ. ಟ್ರಕ್ಕಿನ ಬಾಗಿಲ ಸದ್ದು ಬರಲಿಲ್ಲ.

“ಒಂದರ ಸೀಟು ಹರಿದಿದೆ,” ಎಂದ ಕೊನೆಗೆ.

“ಪರವಾಗಿಲ್ಲಪ್ಪ.”

“ಆರನೇದರ ಮೋಟಾರ್ ಸುಟ್ಟಿದೆ. ವಾಸನೆ ನೋಡು ಬೇಕಾದ್ರೆ.”

“ಎಲ್ಲರಿಗೂ ವಯಸ್ಸಾಗುತ್ತೆ ಎಲ್ವಿನ್.”

“ತುಕ್ಕು! ಇಲ್ಲಿ, ಬಗ್ಗು, ಕೆಳಗೆ ಪೂರ್ತಿ ತುಕ್ಕು. ನಾನೇ ಬಣ್ಣ ಬಳಿದು ಮುಚ್ಚಿದೀನಿ.”

“ಒಳ್ಳೇ ಬಣ್ಣ,” ಎಂದ ನಾರ್ಬರ್ಟ್, ಬಗ್ಗದೆಯೇ.

“ಎಂಟು ಸಾವಿರ ಕೊಡು.”

“ಬೇಡ. ಒಂಬತ್ತೇ.”

“ಏಳು! ನಾರ್ಬರ್ಟ್, ನಿನ್ನ ಕೈ ಮುಗೀತೀನಿ, ಏಳು!”

ನಾರ್ಬರ್ಟ್ ಎರಡೂ ಕೈಯಿಂದ ಅವನ ಕೈ ಹಿಡಿದು ಕುಲುಕಿದ. ಒಂಬತ್ತಕ್ಕೆ ಮಾತು ಮುಗಿಯಿತು. ಮುಂದಿನ ಶುಕ್ರವಾರ ದೊಡ್ಡ ಗಾಡಿಗಳನ್ನು ತಂದು ತೆಗೆದುಕೊಂಡು ಹೋಗುವುದಾಗಿ ಹೇಳಿ, ಟ್ರಕ್ಕಿನ ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡು ಹೊರಟುಹೋದ.

ಎಲ್ವಿನ್ ಆರನೆಯ ಟ್ರ್ಯಾಕ್ಟರಿನ ಮೇಲೆ ಕೂತುಕೊಂಡ. ಅಡುಗೆಮನೆಯ ಹದಿನಾಲ್ಕು ಪಾತ್ರೆಗಳು, ಬರ್ನೀಸಳ ಅಳು, ವಾಂಡಾಳ ಯಂತ್ರ, ಅಕ್ಕನ ಚುಕ್ಕೆಗಳು, ಎಲ್ಲ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಡಾಕ್ಟರರು ತಪ್ಪು ಹೇಳಬಹುದು. ಪಾದ್ರಿಗಳು ತಪ್ಪು ಹೇಳಬಹುದು. ನಾರ್ಬರ್ಟ್ ಲುಟ್ಸ್ ಚೌಕಾಸಿ ಮಾಡಲಿಲ್ಲ ಎಂದ ಮೇಲೆ ಉಳಿಯಿತೇನು? ತಾನು ಸಾಯುತ್ತಿದ್ದೇನೆ. ಎಲ್ಲರಿಗೂ ಗೊತ್ತು. ತನಗೊಬ್ಬನಿಗೇ ಹೇಳಿಲ್ಲ.

ಸೋಮವಾರ ಡಾಕ್ಟರರ ಹತ್ತಿರ ಹೋದ. ಡಾಕ್ಟರರು ಹೊಸಬರು, ಚಿಕ್ಕ ವಯಸ್ಸು.

“ಏನು ತೊಂದರೆ ಎಲ್ವಿನ್ ಅವರೇ?”

“ಅದನ್ನ ನೀವು ಹೇಳಬೇಕು.”

“ಎಲ್ಲಿ ನೋವು?”

“ಎಲ್ಲೂ ಇಲ್ಲ.”

“ಹಾಗಾದರೆ ಒಳ್ಳೇದೇ ಅಲ್ವಾ?”

“ನೋಡಿ, ನೀವೂ ಹೀಗೇ ಅಂತೀರ,” ಎಂದ ಎಲ್ವಿನ್ ದುಃಖದಿಂದ.

ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮಾಡಿಸಿಕೊಂಡ. ಡಾಕ್ಟರರು ಅವನ ಎದೆಯ ಸದ್ದು ಕೇಳಿ “ಚೆನ್ನಾಗಿದೆ” ಎಂದರು. ಆದರೆ ಹೇಳುವ ಮೊದಲು ಒಂದು ಕ್ಷಣ ತಡೆದರು. ಎಲ್ವಿನ್ ಆ ಕ್ಷಣವನ್ನು ಗಮನಿಸಿದ. ಫಲಿತಾಂಶ ಅಂಚೆಯಲ್ಲಿ, ಶುಕ್ರವಾರ.

ಮಂಗಳವಾರ ಬೆಳಗ್ಗೆ ನಾನು ಸ್ಮಶಾನದಲ್ಲಿದ್ದೆ. ಮಂಜು ದಪ್ಪವಾಗಿತ್ತು. ಅವನು ತೇಲುತ್ತ ಬಂದು ನನ್ನ ಪಕ್ಕದಲ್ಲಿ ನಿಲ್ಲಿಸಿದ. ನಿಂತ ಸದ್ದು ಕೂಡ ಆಗಲಿಲ್ಲ. ಅವನು ಅಷ್ಟು ಶಾಂತನಾಗಿದ್ದುದನ್ನು ನಾನು ನೋಡಿರಲಿಲ್ಲ. ಮುಖದಲ್ಲಿ, ಮಧ್ಯಾಹ್ನದ ನಿದ್ದೆಯಿಂದ ಎದ್ದ ಮಗುವಿನದೊಂದು ಬೆರಗಿತ್ತು.

“ಹುಲ್ಲು ಈ ವರ್ಷ ಎಷ್ಟು ಹಸಿರಾಗಿದೆ,” ಎಂದ. “ಯಾವಾಗ್ಲೂ ಹೀಗೇ ಇರ್ತಿತ್ತಾ?”

“ಇರ್ತಿತ್ತು ಅನ್ಸುತ್ತೆ.”

“ನಾನು ಬ್ಲೇಡ್ ಕಡೆ ನೋಡ್ತಿದ್ದೆ.” ನನ್ನ ಮುಂದಿದ್ದ ಕಲ್ಲಿನ ಕಡೆ ತಿರುಗಿದ. “ನಿನ್ನ ಗಂಡನಿಗೆ ಮೊದಲೇ ಗೊತ್ತಿತ್ತಾ ಮಗಳೇ?”

“ಇಲ್ಲ.”

“ಅದು ಒಳ್ಳೇದಾಯ್ತಾ?”

“ಗೊತ್ತಿಲ್ಲ,” ಎಂದೆ.

ಆಗ ಲೆನೋರಾಳ ವಿಷಯ ಹೇಳಿದ. ಊರಲ್ಲಿ ಅದು ಗೊತ್ತಾದ ಮೊದಲನೆಯವಳು ನಾನು. “ಅವಳಿಗೆ ಇನ್ನೊಂದ್ಸಲ ಕಪ್ಪು ಬಟ್ಟೆ ಹಾಕಿಸೋದಿಲ್ಲ,” ಎಂದ. “ಇವತ್ತು ಮಧ್ಯಾಹ್ನ ಹೋಗಿ ಬಿಡುಗಡೆ ಮಾಡ್ಬಿಡ್ತೀನಿ. ಪಾಪ, ಪಿಯಾನೋ ಅಳತೆ ಕೂಡ ತೆಗೆದಿಟ್ಟಿದಾಳೆ.”

ನಾನು ಅವನಿಗೆ ನಿಜ ಹೇಳಬಹುದಿತ್ತು. ಏನು ನಿಜ? ಬರ್ನೀಸಳಿಗೆ ಗೊತ್ತಿಲ್ಲ, ನಾರ್ಬರ್ಟನಿಗೆ ಗೊತ್ತಿಲ್ಲ ಎಂದೇ ತಾನೆ? ಅವನು ಆರೋಗ್ಯವಾಗಿದ್ದಾನೆಂದು ನನಗೆ ಮಾತ್ರ ಹೇಗೆ ಗೊತ್ತು? ಆದರೂ, “ಊರಿನವರು ಚೀಟಿ ಓದಿ ಊಹೆ ಮಾಡಿದ್ದಿರಬಹುದು,” ಎಂದೆ.

ಅವನು ನನ್ನ ಕೈ ತಟ್ಟಿದ. “ನೀನು ಒಳ್ಳೇಳು,” ಎಂದು ಮಂಜಿನೊಳಕ್ಕೆ ಹೊರಟುಹೋದ.

ಮುಂದಿನದನ್ನು ನನಗೆ ಹೇಳಿದವಳು ಲೆನೋರಾ.

ಎಲ್ವಿನ್ ಮಹಡಿ ಹತ್ತಿ ಬಂದಾಗ ಒಬ್ಬಳು ಪುಟ್ಟ ಹುಡುಗಿಯ ಪಾಠ ಮುಗಿದಿತ್ತು. ಅವನು ಟೋಪಿ ಕೈಯಲ್ಲಿ ಹಿಡಿದು ಕಂಬಳಿಯ ನಡುವೆ ನಿಂತ.

“ಕೂತ್ಕೋ,” ಎಂದಳು.

“ಇಲ್ಲ. ನಿಂತು ಹೇಳೋ ಹಾಗೆ ಅಭ್ಯಾಸ ಮಾಡ್ಕೊಂಡು ಬಂದಿದೀನಿ.”

“ಹೇಳು ಹಾಗಾದ್ರೆ.”

ಅವನು ಬಾಯಿ ತೆರೆದ. “ಮರ್ತೋಯ್ತು.”

“ಸಾಯ್ತಿದೀಯಂತೆ,” ಎಂದಳು ಲೆನೋರಾ.

“ನಿನಗ್ಯಾರು ಹೇಳಿದ್ರು?”

“ಚರ್ಚಿನ ಹಾಡಿನ ಗುಂಪು ಪೂರ್ತಿ. ಹತ್ತು ದಿನದಿಂದ ಕಾಯ್ತಿದೀನಿ, ನೀನಾಗಿ ಬಂದು ಹೇಳ್ತೀಯಾ ಅಂತ. ನಿನಗ್ಯಾರು ಹೇಳಿದ್ರು?”

“ನಾರ್ಬರ್ಟ್.”

“ನಾರ್ಬರ್ಟ್ ಯಾರು, ಡಾಕ್ಟರಾ?”

“ಅಲ್ಲ. ಟ್ರ್ಯಾಕ್ಟರ್ ತಗೊಳ್ಳೋನು.”

“ಏನಂದ?”

“‘ಸರಿ’ ಅಂದ.”

ಲೆನೋರಾ ನಗಲಿಲ್ಲ. ಡಾಕ್ಟರರ ಪರೀಕ್ಷೆ, ಶುಕ್ರವಾರ ಬರುವ ಫಲಿತಾಂಶ, ಅದನ್ನೂ ಅವನಿಂದ ಹೇಳಿಸಿದಳು. ಅವಳ ಮೊದಲ ಗಂಡ ಸ್ಟ್ಯಾನ್‌ಗೆ ತಾನು ಸಾಯುವುದು ಎಂಟು ತಿಂಗಳು ಮೊದಲೇ ಗೊತ್ತಿತ್ತಂತೆ. ಅವಳಿಗೆ ನೋವಾಗದಿರಲೆಂದು ಹೇಳಿರಲಿಲ್ಲ. ಆ ಎಂಟು ತಿಂಗಳಲ್ಲಿ ಅವಳು ಅವನ ಜೊತೆ ಪರದೆಯ ಬಣ್ಣಕ್ಕಾಗಿ ಜಗಳವಾಡಿದ್ದಳು. ಎರಡು ವಾರ ಮಾತು ಬಿಟ್ಟಿದ್ದಳು.

“ಆ ಎರಡು ವಾರ ನನಗೆ ವಾಪಸ್ ಬೇಕು,” ಎಂದಳು. “ಅವನ ಹತ್ರ ಕೇಳೋಕಾಗಲ್ಲ. ನಿನ್ನ ಹತ್ರ ಕೇಳ್ತೀನಿ. ನಿನಗೆ ಎಷ್ಟು ದಿನ ಇದೆಯೋ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆ ಕಾಗದ ಶುಕ್ರವಾರ ಬರುತ್ತೆ ಅಂದ್ಯಲ್ಲ? ಅದು ಬರೋಕೆ ಮುಂಚೆ ಮದುವೆ ಆಗೋಣ.”

“ಮುಂಚೆನಾ? ಅದು ಹೆಂಗೆ? ಗೊತ್ತಾಗೋಕೆ ಮುಂಚೆ?”

“ಗೊತ್ತಾದ ಮೇಲೆ ಆದರೆ ಅದು ಕರುಣೆ ಆಗುತ್ತೆ, ಇಲ್ಲ ಲೆಕ್ಕಾಚಾರ ಆಗುತ್ತೆ. ಎರಡೂ ನನಗೆ ಬೇಡ.”

ಅವಳು ಅಲ್ಲೇ ಬಫೆಲೋಗೆ ಫೋನು ಮಾಡಿದಳು. ಇಷ್ಟು ವಾರಗಳಿಂದ ಮಾತು ಜೋಡಿಸಿಟ್ಟುಕೊಂಡಿದ್ದ ಸುದ್ದಿಯನ್ನು ಅತ್ತೆಗೆ ಒಂದೇ ಉಸಿರಲ್ಲಿ ಹೇಳಿದಳು. ಆ ಕಡೆ ಮುದುಕಿ ಒಂದೇ ಪ್ರಶ್ನೆ ಕೇಳಿತು: “ಆಳು ಎತ್ತರ ಇದ್ದಾನಾ?”

“ಇಲ್ಲಮ್ಮ.”

“ಆಗಲಿ ಬಿಡು,” ಎಂದಿತು ಮುದುಕಿ.

ಬುಧವಾರ ಮಧ್ಯಾಹ್ನ ಮೂರೂವರೆಗೆ ಇಬ್ಬರೂ ವಾಂಡಾಳ ಕಚೇರಿಗೆ ಹೋದರು. ವಾಂಡಾ ಮೊದಲು ಅವರು ಸಮಾಧಿಯ ಜಾಗಕ್ಕೆ ಬಂದಿದ್ದಾರೆಂದು ಆ ನಕ್ಷೆ ತೆಗೆದಳು. ಮದುವೆಯ ಪರವಾನಗಿ ಎಂದಾಗ ನಕ್ಷೆ ಕೈಯಿಂದ ಜಾರಿತು.

“ಆದರೆ ಎಲ್ವಿನ್ ಅವರೇ,” ಎಂದಳು, ಕಣ್ಣೊರೆಸಿಕೊಂಡು, “ಪರವಾನಗಿ ಕೊಟ್ಟ ಮೇಲೆ ಇಪ್ಪತ್ನಾಲ್ಕು ಗಂಟೆ ಕಾಯಬೇಕು. ಈ ರಾಜ್ಯದ ಕಾನೂನು.”

ಎಲ್ವಿನ್ ಲೆನೋರಾಳತ್ತ ತಿರುಗಿದ. “ಅಷ್ಟಿರುತ್ತಾ ನನ್ನ ಹತ್ರ?”

“ನ್ಯಾಯಾಧೀಶರಿಗೆ ಹೇಳಿ ಕಡಿಮೆ ಮಾಡಿಸಬಹುದು!” ಎಂದು ವಾಂಡಾ ಬಿಕ್ಕಿದಳು. “ತುರ್ತು ಸಂದರ್ಭ ಅಂತ ಬರೀತೀನಿ!”

“ಬೇಡ. ಕಾಯ್ತಾನೆ,” ಎಂದಳು ಲೆನೋರಾ. “ಎಲ್ಲಿಗೂ ಹೋಗಲ್ಲ. ನಾನು ಹೇಳಿದೀನಿ.”

ಕಚೇರಿಯ ದಾಖಲೆಯಲ್ಲಿ ಆ ದಿನದ ಸಹಿ ಇವತ್ತಿಗೂ ಸ್ವಲ್ಪ ಹರಡಿದೆ. ವಾಂಡಾಳ ಕಣ್ಣೀರು, ಸರ್ಕಾರಿ ಶಾಯಿ.

ಗುರುವಾರ ಸಂಜೆ ಐದಕ್ಕೆ ಚರ್ಚಿನಲ್ಲಿ ಮದುವೆ. ಊರಿಡೀ ಬಂತು. ಮಧ್ಯಾಹ್ನದ ತನಕ ಊರು ಅವನನ್ನು ನತದೃಷ್ಟ ಎಂದುಕೊಂಡಿತ್ತು. ಈಗ ಲೆನೋರಾಳನ್ನು ಸಂತಳೆಂದುಕೊಂಡಿತು. ಸಾವಿಗೆಂದು ಬರ್ನೀಸ್ ಕಾದಿಟ್ಟಿದ್ದ ಹಂದಿಮಾಂಸದ ದೊಡ್ಡ ಹ್ಯಾಮನ್ನು ಮದುವೆಗೆ ಕತ್ತರಿಸುವುದೋ ಬೇಡವೋ ಎಂದು ಊಟದ ಸಮಿತಿ ಹತ್ತು ನಿಮಿಷ ಚರ್ಚಿಸಿತು. “ಇನ್ನೊಂದು ತರೋಣ ಆಮೇಲೆ,” ಎಂದು ಬರ್ನೀಸ್ ಎಲ್ಲರಿಗೂ ಕೇಳುವಂತೆ ಹೇಳಿದಳು. ಅಕ್ಕ ಈಡಿತ್ ಮನೆಯಿಂದ ಹೊರಡುವ ಮುನ್ನ ಗೋಡೆಗಡಿಯಾರದ ನೀಲಿ ಚುಕ್ಕೆಯನ್ನು ಯಾರೂ ನೋಡದಾಗ ಕಿತ್ತಳು. ಬೀರುವಿನದು ಹಾಗೇ ಇರಲಿ ಎಂದುಕೊಂಡಳು. ಪಶ್ಚಿಮದ ಕಿಟಕಿಯಿಂದ ಬಂದ ಬೆಳಕು ಎಲ್ಲರ ಮೇಲೂ ಜೇನಿನ ಹಾಗೆ ನಿಧಾನವಾಗಿ ಇಳಿಯುತ್ತಿತ್ತು. ಎಲ್ವಿನ್ “ಸಾವು ನಮ್ಮನ್ನು ಅಗಲಿಸುವವರೆಗೆ” ಎಂದಾಗ ಇಡೀ ಚರ್ಚು ಮೂಗು ಒರೆಸಿಕೊಂಡಿತು.

ಶುಕ್ರವಾರ ಬೆಳಗ್ಗೆ ನಾರ್ಬರ್ಟ್ ಎರಡು ಉದ್ದನೆಯ ಗಾಡಿಗಳನ್ನು ತಂದ. ಟೋಪಿ ಕೈಯಲ್ಲೇ ಇತ್ತು. ಬಾಗಿಲು ತೆರೆದವಳು ಲೆನೋರಾ. ಕಾಗದ ಬರುವ ಹಿಂದಿನ ರಾತ್ರಿಯೆಂದು ಇಬ್ಬರೂ ಮಲಗದೆ ಮಾತಾಡುತ್ತ ಕಳೆದಿದ್ದರು.

“ನೀವು...?”

“ಹೆಂಡತಿ. ನಿನ್ನೆಯಿಂದ.”

ನಾರ್ಬರ್ಟ್ ಇದನ್ನು ನಿಧಾನವಾಗಿ ಅರಗಿಸಿಕೊಂಡ. ಟೋಪಿ ಮೆಲ್ಲಗೆ ತಲೆಗೆ ಏರಿತು. “ಸಾಯೋನು ಮದುವೆ ಆಗ್ತಾನಾ? ಆರು ಸಾವಿರ.”

“ಕೈ ಕುಲುಕಿ ಆಗಿದೆ,” ಎಂದಳು ಲೆನೋರಾ. “ಬೇಕಾದ್ರೆ ಟ್ರಕ್ಕಿನ ತನಕ ನಾಲ್ಕು ಸಲ ಹೋಗಿ ಬನ್ನಿ. ಕಾಲಿಗೆ ಒಳ್ಳೇದು.”

ಅವನು ಎರಡು ಸಲ ಹೋಗಿಬಂದ, ಅಭ್ಯಾಸಬಲದಿಂದ. ಆಮೇಲೆ ಒಂಬತ್ತು ಸಾವಿರ ಕೊಟ್ಟ.

ಟ್ರ್ಯಾಕ್ಟರುಗಳನ್ನು ಎತ್ತಬೇಕಾಗಲಿಲ್ಲ. ಸುಟ್ಟ ಮೋಟಾರಿನ ಒಂದನ್ನು ಬಿಟ್ಟು ಉಳಿದವನ್ನು ಎಲ್ವಿನ್ ಒಂದೊಂದಾಗಿ ಹತ್ತಿ, ಹೆಸರು ಹಿಡಿದು ಏನೋ ಹೇಳಿ, ಹಲಗೆಯ ಮೇಲೆ ನಡೆಸಿಕೊಂಡು ಹೋದ. ಸದ್ದಿಲ್ಲದೆ, ಮಂಜಿನಿಂದ ಬಂದು, ಸದ್ದಿಲ್ಲದೆ ಗಾಡಿಯೇರಿದವು. ಕಟ್ಟಕಡೆಯದು ಏರಿದಾಗ ಅವನು ಇಳಿಯಲು ಸ್ವಲ್ಪ ಹೊತ್ತು ತೆಗೆದುಕೊಂಡ. ನಾರ್ಬರ್ಟ್ ಬೇರೆ ಕಡೆ ನೋಡುತ್ತ ನಿಂತಿದ್ದ. ಗಾಡಿಗಳು ತಿರುವಿನಲ್ಲಿ ಮರೆಯಾದ ಮೇಲೂ ಎಲ್ವಿನ್ ರಸ್ತೆಯನ್ನೇ ನೋಡುತ್ತಿದ್ದ.

ಅಂಚೆಯವನು ಹನ್ನೊಂದಕ್ಕೆ ಬಂದ. ರಸ್ತೆಯ ಆಚೆ ಬದಿಯಲ್ಲಿ ನನ್ನ ಅಂಚೆಪೆಟ್ಟಿಗೆಯೂ ಎಲ್ವಿನ್‌ನದೂ ಪಕ್ಕಪಕ್ಕದಲ್ಲಿವೆ. ನಾನು ನನ್ನದನ್ನು ತೆಗೆಯುತ್ತಿದ್ದೆ. ಲೆನೋರಾ ಉದ್ದನೆಯ ಬಿಳಿ ಲಕೋಟೆಯನ್ನು ತೆಗೆದು ಅಲ್ಲೇ ಹರಿದಳು. ಎಲ್ವಿನ್ ಎರಡು ಹೆಜ್ಜೆ ಹಿಂದೆ, ಕೈಗಳನ್ನು ಮುಂದೆ ಕಟ್ಟಿಕೊಂಡು, ಶಾಲೆಯ ಹುಡುಗನ ಹಾಗೆ ನಿಂತ.

ಅವಳು ಮೊದಲ ಹಾಳೆ ಓದಿದಳು. ಎರಡನೆಯದನ್ನು ಓದಿದಳು. ತಿರುಗಿ ಮೊದಲನೆಯದಕ್ಕೆ ಬಂದಳು.

“ಎಷ್ಟಂತೆ?” ಎಂದ ಎಲ್ವಿನ್. “ವಾರವಾ, ತಿಂಗಳಾ? ಹೇಳು. ನಾನು ತಯಾರಾಗಿದೀನಿ.”

“ಏನೂ ಇಲ್ಲ.”

“ಏನೂ ಉಳಿದಿಲ್ವಾ?”

“ರೋಗ ಇಲ್ಲ ಕಣೋ. ಯಾವುದೂ ಇಲ್ಲ. ಹೃದಯ, ರಕ್ತ, ಕಿಡ್ನಿ, ಎಲ್ಲ ಐವತ್ತರೋನ ಹಾಗಿದೆಯಂತೆ. ಡಾಕ್ಟರು ಕೆಳಗೆ ಕೈಯಲ್ಲಿ ಬರೆದಿದಾರೆ ನೋಡು. ಹೀಗೇ ಇದ್ರೆ ಇಪ್ಪತ್ತು ವರ್ಷಕ್ಕೆ ಏನೂ ಯೋಚನೆ ಇಲ್ಲ ಅಂತ.”

ಅವಳು ಕಾಗದವನ್ನು ಮಡಿಸಿದಳು. ಮಡಿಸಿ, ರಸ್ತೆಬದಿಯ ಕಲ್ಲಿನ ಮೇಲೆ ನಿಧಾನವಾಗಿ ಕೂತಳು. ಕೆಲವು ದಿನಕ್ಕೆ ಬೇಕಾದಷ್ಟು ಧೈರ್ಯವನ್ನು ಒಟ್ಟುಮಾಡಿಕೊಂಡು ಬಂದಿದ್ದವಳು. ಈಗ ಆ ಉದ್ದವಾದ, ಖಾಲಿಯಾದ, ಬಿಸಿಲು ಬಿದ್ದ ರಸ್ತೆಯನ್ನು ನೋಡುತ್ತ ಕೂತಳು.

“ಇಪ್ಪತ್ತು ವರ್ಷ,” ಎಂದಳು ತನ್ನಷ್ಟಕ್ಕೆ.

ಆಮೇಲೆ ತಲೆಯೆತ್ತಿ ಅವನನ್ನು ಮೊದಲ ಸಲ ನೋಡುತ್ತಿರುವವಳಂತೆ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಎಲ್ವಿನ್, ನೀನು ಗೊರಕೆ ಹೊಡೀತೀಯಾ?”

ಎಲ್ವಿನ್ ಪ್ರಾಮಾಣಿಕವಾಗಿ ಯೋಚಿಸಿದ.

“ಗೊತ್ತಿಲ್ಲ,” ಎಂದ. “ಹನ್ನೆರಡು ವರ್ಷದಿಂದ ಹೇಳೋರು ಯಾರೂ ಇರಲಿಲ್ಲ.”